ರೇಡಿಯೊ ಸುಮ್ಮನಾದ ತಿಂಗಳು

ಅವಳಿಗೆ ರೇಡಿಯೊ ಎಂದು ಹೆಸರಿಟ್ಟವರು ಶಾಲೆಯ ಗಣಿತದ ಮೇಷ್ಟ್ರು. ಪಾಠದ ನಡುವೆ ಒಂದೇ ಸಮನೆ ವಟಗುಟ್ಟುತ್ತಿದ್ದವಳನ್ನು ಎಬ್ಬಿಸಿ ನಿಲ್ಲಿಸಿ, "ಇದನ್ನ ಆಫ್ ಮಾಡೋ ಗುಂಡಿ ಎಲ್ಲಿದೆಯಮ್ಮ?" ಎಂದು ಬೆನ್ನ ಹಿಂದೆ ಇಣುಕಿ ನೋಡಿದ್ದರು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಆವತ್ತು ಅಂಟಿದ ಹೆಸರು ಶಾಲೆ ಬಿಟ್ಟರೂ ಬಿಡಲಿಲ್ಲ, ಕೆಲಸಕ್ಕೆ ಸೇರಿದರೂ ಬಿಡಲಿಲ್ಲ.

ದನಿ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಮೂಟೆಗಳ ನಡುವೆ ಸ್ಟೂಲು ಹತ್ತಿ ನಿಂತರೆಂದರೆ ಅವರ ಕೂಗಿಗೆ ಬೀದಿಯ ಆಚೆ ನಿಂತ ಲಾರಿಯವರೂ ತಿರುಗಿ ನೋಡುತ್ತಿದ್ದರು. ಕೂಗುವುದು, ಸಿಗರೇಟು ಸೇದುವುದು, ಮತ್ತೆ ಕೂಗುವುದು, ಇಷ್ಟೇ ಅವರ ಬೆಳಗು. ಒಂದು ಸಲ ಗಂಟಲು ಕಟ್ಟಿತು. ಶೀತ ಅಂದರು. ಬಿಸಿನೀರು ಕುಡಿದರು. ಕಟ್ಟಿದ ಗಂಟಲು ಬಿಡಲೇ ಇಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಯಿಲೆ ಬೇರೂರಿತ್ತು. ಕೊನೆಯ ದಿನಗಳಲ್ಲಿ ಅವರು ಮಗಳನ್ನು ಕರೆಯಬೇಕಾದರೆ ಮಂಚದ ಕಾಲಿಗೆ ಚಮಚದಿಂದ ಬಡಿಯುತ್ತಿದ್ದರು. ಅವಳು ಆಗಷ್ಟೇ ಕೆಲಸಕ್ಕೆ ಸೇರಿದ್ದಳು.

ಕೆಲಸವೂ ಬಾಯಿಯದೇ. ಕುರ್ಚಿ-ಮೇಜಿನ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಎರಡು ಕೋಣೆಯ ಕಚೇರಿ, ನಾಲ್ಕು ಫೋನು, ಕಿಟಕಿಯ ಕಟ್ಟೆಯ ಮೇಲೆ ಮಡಿಸಿ ಒಟ್ಟಿದ ಹಳೇ ಪತ್ರಿಕೆಗಳು. ನಡೆಸುತ್ತಿದ್ದವರು ಬೆಳ್ಳಗಿನ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ ಒಬ್ಬ ಹೆಂಗಸು. ಎಲ್ಲರಿಗೂ ಅವರು ಮೇಡಂ. ಕಂಪನಿಗಳ ಪರವಾಗಿ ಪತ್ರಿಕೆಯವರ ಜೊತೆ, ಜನರ ಜೊತೆ ಮಾತಾಡುವುದು ಅಲ್ಲಿಯ ಕಸುಬು. ಮದುವೆಯಾದ ಹೊಸತರಲ್ಲಿ ಅತ್ತೆ, "ಅಂದ್ರೆ ಜಾಹೀರಾತಾ?" ಎಂದು ಕೇಳಿದಾಗ ರೇಡಿಯೊ ಬಿಡಿಸಿ ಹೇಳಿದ್ದಳು.

"ಜಾಹೀರಾತು ಅಂದ್ರೆ ನಮ್ಮನ್ನ ನಾವೇ ಹೊಗಳಿಕೊಳ್ಳೋದು, ಅತ್ತೆ. ಇದು ಬೇರೆಯವರ ಬಾಯಿಂದ ಹೊಗಳಿಸಿಕೊಳ್ಳೋದು."

"ಅದಕ್ಕೂ ಸಂಬಳ ಕೊಡ್ತಾರಾ?"

ಕೊಡುತ್ತಿದ್ದರು, ವರ್ಷ ವರ್ಷ ಏರಿಸಿಯೂ ಕೊಡುತ್ತಿದ್ದರು. ಏಕೆಂದರೆ ಅವಳು ಬಾಯಿ ತೆರೆದರೆ ಆಗದ ಕೆಲಸ ಆಗುತ್ತಿತ್ತು. ಒಮ್ಮೆ ಛತ್ರಿ ಕಂಪನಿಯ ಕಾರ್ಯಕ್ರಮ. ಮಾಲೀಕರು ವೇದಿಕೆಯ ಮೇಲೆ ಹೊಸ ಛತ್ರಿಯ ಗುಂಡಿ ಒತ್ತಿದರು. ಬಟ್ಟೆಯೆಲ್ಲ ಹಾರಿ ಮುಂದಿನ ಸಾಲಿನವರ ತಲೆ ಮೇಲೆ ಬಿತ್ತು, ಮಾಲೀಕರ ಕೈಯಲ್ಲಿ ಬರೀ ಕೋಲು ಉಳಿಯಿತು. ಪತ್ರಿಕೆಯವರು ನಗು ತಡೆದುಕೊಂಡು ಕೂತಿದ್ದರು. ರೇಡಿಯೊ ನೇರ ವೇದಿಕೆ ಹತ್ತಿ ಮೈಕು ಹಿಡಿದಳು. "ಈಗ ನೀವು ನೋಡಿದ್ದು ನಮ್ಮ ಪರೀಕ್ಷೆಯಲ್ಲಿ ಫೇಲಾದ ಛತ್ರಿ. ಇಂಥದ್ದು ನಿಮ್ಮ ಕೈಗೆ ಬರಬಾರದು ಅಂತ ಕಾರ್ಖಾನೆಯಲ್ಲೇ ಮುರಿದು ಎಸೀತೀವಿ. ಈಗ ಪಾಸಾದದ್ದನ್ನ ತೋರಿಸ್ತೀವಿ." ಸಭೆ ಚಪ್ಪಾಳೆ ತಟ್ಟಿತು. ಮಾಲೀಕರು ಆಮೇಲೆ ಬಂದು, "ನಾವು ನಿಜವಾಗ್ಲೂ ಹಾಗೆ ಮುರಿದು ಎಸೀತೀವಾ?" ಎಂದು ಗುಟ್ಟಾಗಿ ಕೇಳಿದರಂತೆ. ಈ ಕಥೆಯನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ಗಂಡ ಅರ್ಧದಲ್ಲೇ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರೂ ಕಥೆ ಮುಗಿದಿರುತ್ತಿರಲಿಲ್ಲ.

ಗಂಡನದು ಕನ್ನಡಕದ ಅಂಗಡಿ. ಅಳೆದು ತೂಗಿ ಮಾತಾಡುವ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅತ್ತೆಯಂತೂ ಹೇಳಲು ಬಾಯಿ ತೆರೆದು, ಸರದಿ ಸಿಗದೆ, ಮತ್ತೆ ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು.

ಹೀಗಿರುವಾಗ, ನಲವತ್ತು ದಾಟಿದ ಮೇಲೆ, ಅವಳ ಗಂಟಲು ಕಟ್ಟಿತು.

ಮೊದಮೊದಲು ಅವಳೂ ಶೀತ ಅಂದುಕೊಂಡಳು. ಬಿಸಿನೀರು ಕುಡಿದಳು. ಫೋನಿನಲ್ಲಿ ಪತ್ರಿಕೆಯವರು, "ಯಾರು ಸಾರ್ ಮಾತಾಡೋದು?" ಎಂದರೆ ನಕ್ಕು ಸುಮ್ಮನಾದಳು. ಆದರೆ ಒಳಗೊಳಗೆ ಒಂದು ಹುಳ ಕೊರೆಯತೊಡಗಿತ್ತು. ಬಚ್ಚಲ ಕನ್ನಡಿಯ ಮುಂದೆ ಬಾಯಿ ಅಗಲಿಸಿ ಟಾರ್ಚು ಬಿಟ್ಟು ನೋಡಿಕೊಂಡಳು. ಏನೂ ಕಾಣಲಿಲ್ಲ. ಯಾರಿಗೂ ಹೇಳಲಿಲ್ಲ. ದಿನವಿಡೀ ಮಾತಾಡುವ ಹೆಂಗಸು ಈ ಒಂದು ಮಾತನ್ನು ಮಾತ್ರ ನುಂಗಿಕೊಂಡಳು. ಕೊನೆಗೆ ಸಭೆಯೊಂದರಲ್ಲಿ, "ಎಲ್ಲರಿಗೂ ಸ್ವಾಗತ" ಅನ್ನಲು ಹೋಗಿ ಬರೀ ಗಾಳಿ ಹೊರಟಿತು. ಮೈಕು ಕೆಟ್ಟಿದೆ ಎಂದು ಒಬ್ಬ ಬಂದು ಬೇರೆ ಮೈಕು ಕೊಟ್ಟ. ಅದರಲ್ಲೂ ಗಾಳಿಯೇ.

ಮನೆಗೆ ಬಂದು ಗಂಡನ ಮುಂದೆ ಕುಳಿತಳು. ತನ್ನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡಳು. ಅವನಿಗೆ ಮಾವನವರ ಕಥೆ ನೆನಪಾಗಿರಬೇಕು. "ನಾಳೆ ಅಂಗಡಿ ತೆಗೆಯಲ್ಲ. ಆಸ್ಪತ್ರೆಗೆ ಹೋಗೋಣ," ಅಂದ.

ಗಂಟಲ ಡಾಕ್ಟರು ಮೂಗಿನಿಂದ ಎಳೆಯಂಥ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳು. ಒಂದರ ಅಂಚಿನಲ್ಲಿ ಜೋಳದ ಕಾಳಿನಂಥ ಗಂಟು.

"ಇದನ್ನ ತೆಗೀಬೇಕು. ತೆಗೆದು ಪರೀಕ್ಷೆಗೆ ಕಳಿಸ್ಬೇಕು," ಅಂದರು ಡಾಕ್ಟರು.

"ಏನಿರಬಹುದು ಡಾಕ್ಟ್ರೇ?" ಎಂದು ಕೇಳಿದ್ದು ಗಂಡ.

"ಹೆಚ್ಚಾಗಿ ಕೂಗಾಡಿದ್ದರಿಂದ ಆಗೋದು. ಆದ್ರೆ ಇವರ ತಂದೆಯ ವಿಷಯ ಹೇಳಿದ್ರಲ್ಲ, ರಿಪೋರ್ಟ್ ಬರೋವರೆಗೆ ನಾನು ಖಂಡಿತವಾಗಿ ಏನೂ ಹೇಳಲ್ಲ. ಆಪರೇಷನ್ ಆದ್ಮೇಲೆ ಎರಡು ವಾರ ಬಾಯಿಗೆ ಬೀಗ. ಆಮೇಲೆ ಎರಡು ವಾರ ಒಂದೊಂದೇ ಮಾತು."

ಪಿಸುಗುಟ್ಟಬಹುದಾ ಎಂದು ರೇಡಿಯೊ ಪಿಸುಗುಟ್ಟಿಯೇ ಕೇಳಿದಳು.

"ಅದು ಕೂಗೋದಕ್ಕಿಂತ ಕೆಟ್ಟದ್ದು. ಈಗಲೇ ನಿಲ್ಲಿಸಿ."

ಆಪರೇಷನ್ ಸಲೀಸಾಗಿ ಆಯಿತು. ಕಷ್ಟ ಶುರುವಾದದ್ದು ಮನೆಯಲ್ಲಿ. ಏನಾದರೂ ಬೇಕಾದರೆ ಫೋನಿನಲ್ಲಿ ಅಕ್ಷರ ಒತ್ತಿ ತೋರಿಸಬೇಕು. ಅತ್ತೆಗೆ ತೋರಿಸಿದರೆ ಅವರು ಕನ್ನಡಕ ಹುಡುಕಲು ಹೊರಡುತ್ತಿದ್ದರು. ಮಗ ಊರಿಗೆಲ್ಲ ಕನ್ನಡಕ ಮಾರುವವನಾದರೂ ಅವರದು ಒಂದು ದಿನವೂ ಕೈಗೆ ಸಿಕ್ಕಿದ್ದಿಲ್ಲ. ಸಿಗುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು, ಅವಳು ಹೇಳಬೇಕೆಂದಿದ್ದದ್ದೂ ಅದನ್ನೇ.

ಮೂರನೆಯ ದಿನದ ಹೊತ್ತಿಗೆ ಅತ್ತೆಗೆ ಪರಿಸ್ಥಿತಿಯ ಲಾಭ ಅರ್ಥವಾಯಿತು. ಸೊಸೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. "ಇಷ್ಟು ವರ್ಷಕ್ಕೆ ಈ ಮನೇಲಿ ನಂಗೂ ಒಂದು ಚಾನ್ಸ್ ಸಿಕ್ತು ನೋಡು," ಎಂದು ಶುರು ಮಾಡಿದವರು ತಮ್ಮ ತವರುಮನೆ, ತಂಗಿಯ ಜೊತೆ ಜಗಳವಾಡಿ ಗೋಡೆಗೆ ಎಸೆದ ಚಪ್ಪಲಿ, ಹೊಲಿಗೆ ಕಲಿಯಬೇಕೆಂದು ಹಟ ಹಿಡಿದು ಊಟ ಬಿಟ್ಟಿದ್ದು, ಎಲ್ಲ ಹೇಳಿದರು. ಅತ್ತೆಗೆ ಹೊಲಿಗೆ ಬರುತ್ತದೆಂಬುದೇ ರೇಡಿಯೊಗೆ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಒಂದೇ ಸೂರಿನಡಿ ಇದ್ದವರು! ಅವಳು ಕೈ ಹಿಡಿದು ಮುಂದೆ ಹೇಳಿ ಎಂದು ಸನ್ನೆ ಮಾಡಿದಳು.

ಆದರೆ ಅತ್ತೆ ಮಲಗಿದ ಮಧ್ಯಾಹ್ನಗಳಲ್ಲಿ ಮನೆ ಬಿಕೋ ಎನ್ನುತ್ತಿತ್ತು. ಒಬ್ಬಳೇ ಕೂತರೆ ಮಂಚದ ಕಾಲಿಗೆ ಬಡಿಯುವ ಚಮಚದ ಸದ್ದು ಕಿವಿಗೆ ಬಂದಂತಾಗುತ್ತಿತ್ತು. ತಡೆಯಲಾರದೆ ಗಂಡನ ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರತೊಡಗಿದಳು. ಅಲ್ಲಿ ಮಾಡಲು ಕೆಲಸವಿಲ್ಲ, ಆಡಲು ಮಾತಿಲ್ಲ. ಬಂದವರನ್ನು ನೋಡುವುದೊಂದೇ.

ನೋಡುತ್ತಾ ನೋಡುತ್ತಾ ಅವಳಿಗೆ ರುಚಿ ಹತ್ತಿತು. ಜನ ಒಳಗೆ ಬಂದವರೇ ಮೊದಲು ಕೈ ಹಾಕುವುದು ದಪ್ಪ ಬಣ್ಣದ ಫ್ರೇಮಿಗೆ. ಹಾಕಿಕೊಂಡು ಕನ್ನಡಿಯಲ್ಲಿ ಒಂದು ಕ್ಷಣ ಖುಷಿಯಾಗುತ್ತಾರೆ. ಆಮೇಲೆ ಯಾರಾದರೂ ನೋಡಿದರೇನೋ ಎಂಬಂತೆ ಹಿಂದೆ ತಿರುಗಿ, ಅದನ್ನು ಕಳಚಿಟ್ಟು, ಎಲ್ಲರೂ ಕೊಳ್ಳುವ ತೆಳು ಕಪ್ಪು ಫ್ರೇಮನ್ನೇ ಕೊಳ್ಳುತ್ತಾರೆ. ಇದು ಹಳೆಯ ಆಟ. ಹೊಸದೇನೆಂದರೆ, ಚೀಲದಿಂದ ಹಳೇ ಫ್ರೇಮು ತೆಗೆಯುವವರು. ಒಬ್ಬ ಹುಡುಗಿ ಅಜ್ಜನ ಕನ್ನಡಕ ತಂದು, "ಇದಕ್ಕೇ ನನ್ನ ನಂಬರ್ ಗಾಜು ಹಾಕಿ ಕೊಡ್ತೀರಾ?" ಎಂದಳು. ಅದೇ ವಾರ ಒಬ್ಬ ಬ್ಯಾಂಕಿನವನು. ಆಮೇಲೆ ಕೈಯಲ್ಲಿ ದುಬಾರಿ ವಾಚಿದ್ದ ಹೆಂಗಸೊಬ್ಬಳು. ಕೊಳ್ಳಲು ಕೈಲಾಗದವರಲ್ಲ ಇವರು.

ರೇಡಿಯೊ ಫೋನಿನಲ್ಲಿ ಬರೆದು ಗಂಡನಿಗೆ ತೋರಿಸಿದಳು: "ಹಳೇ ಫ್ರೇಮು ತರೋರು ಮೊದಲಿಂದ ಇದಾರಾ?"

"ಇಲ್ಲ ಕಣೇ. ಹೋದ ವರ್ಷದಿಂದ ಜಾಸ್ತಿ," ಎಂದ. "ನಿಂಗೆ ಹೇಳ್ಬೇಕು ಅಂತಿದ್ದೆ." ಯಾಕೆ ಹೇಳಲಾಗಲಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಕಚೇರಿಯಿಂದ ಕರೆ ಬಂತು. ಚರ್ಮದ ಬ್ಯಾಗು ಮಾಡುವ ಕಂಪನಿಯ ಯಜಮಾನರು ಹೊಸ ಮಾಲಿನ ಬಿಡುಗಡೆಯ ಬಗ್ಗೆ ಮಾತಾಡಲು ಬರುತ್ತಿದ್ದಾರೆ, ಅವರಿಗೆ ರೇಡಿಯೊ ಇಲ್ಲದೆ ಆಗುವುದಿಲ್ಲ. "ನೀನು ಬಾಯಿ ಬಿಡ್ಬೇಡ. ಸುಮ್ನೆ ಬಂದು ಕೂತಿರು, ಅವರಿಗೆ ಧೈರ್ಯ. ಮಾತು ನಾನು ನೋಡ್ಕೋತೀನಿ," ಎಂದರು ಮೇಡಂ.

ಸಭೆ ಶುರುವಾದ ಸ್ವಲ್ಪ ಹೊತ್ತಿಗೇ ಮೇಡಂಗೆ ಫೋನು ಬಂದು ಹೊರಗೆ ಹೋಗಬೇಕಾಯಿತು. ಕೋಣೆಯಲ್ಲಿ ಉಳಿದದ್ದು ಯಜಮಾನರು, ಮೇಜಿನ ಮೇಲೆ ಚಿನ್ನದ ಬಣ್ಣದ ಬಕಲು ಹೊಳೆಯುವ ಹೊಸ ಬ್ಯಾಗು, ಮತ್ತು ಬಾಯಿ ಕಟ್ಟಿಕೊಂಡ ರೇಡಿಯೊ. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ಅವಳು ಆ ಬಕಲಿನ ಮೇಲೆ ಹತ್ತು ನಿಮಿಷ ಮಾತಾಡಿರುತ್ತಿದ್ದಳು. ಈಗ ಅವರ ಮುಖ ನೋಡುತ್ತಾ ಕೂತಳು. ಯಜಮಾನರು ಕೆಮ್ಮಿದರು. ನೀರು ಕುಡಿದರು. ಮೌನ ತಡೆಯಲಾರದೆ ತಾವೇ ಬಾಯಿ ಬಿಟ್ಟರು.

"ನಿಜ ಹೇಳ್ಬೇಕು ಅಂದ್ರೆ ನಂಗೇ ಈ ಬಕಲು ಇಷ್ಟ ಇಲ್ಲಮ್ಮ."

ಅವಳು ತಲೆದೂಗಿದಳು.

"ಮಗ ಹೇಳಿದ, ಮಾಡಿಸ್ದೆ. ವ್ಯಾಪಾರ ಬಿದ್ದಿದೆ, ಏನೋ ಒಂದು ಹೊಸದು ಮಾಡ್ಬೇಕಲ್ಲ. ಅಂಗಡಿಗೆ ಜನ ಬರ್ತಾರೆ, ಇಲ್ಲ ಅಂತಲ್ಲ. ಆದ್ರೆ ಏನು ತರ್ತಾರೆ ಗೊತ್ತಾ? ನಮ್ಮವೇ ಹಳೇ ಬ್ಯಾಗು! ಹಿಡಿ ಕಿತ್ತಿದೆ, ಜಿಪ್ ಹೋಗಿದೆ, ಸರಿ ಮಾಡಿಕೊಡಿ ಅಂತ. ನಾವು ರಿಪೇರಿ ಮಾಡಲ್ಲ ಅಂತ ವಾಪಸ್ ಕಳಿಸ್ತೀವಿ. ಮುಖ ಸಣ್ಣ ಮಾಡ್ಕೊಂಡು ಹೋಗ್ತಾರೆ."

ಎಂಟು ವರ್ಷದಿಂದ ಈ ಮನುಷ್ಯನ ಪರವಾಗಿ ಊರಿಗೆಲ್ಲ ಮಾತಾಡಿದವಳು ಅವಳು. ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಫೋನು ತೆಗೆದು ಗಡಿಬಿಡಿಯಲ್ಲಿ ಬರೆದಳು: "ವಾಪಸ್ ಕಳಿಸ್ಬೇಡಿ. ಅವರೇ ನಿಮ್ಮ ಮುಂದಿನ ಗಿರಾಕಿಗಳು. ನಮ್ಮ ಮನೆಯವರ ಕನ್ನಡಕದಂಗಡೀಲೂ ಹೀಗೇ ಆಗ್ತಿದೆ."

ಮೇಡಂ ಒಳಗೆ ಬಂದಾಗ ಯಜಮಾನರು ಅವಳ ಫೋನು ತಮ್ಮ ಕೈಯಲ್ಲೇ ಹಿಡಿದುಕೊಂಡು, "ಅಂದ್ರೆ ಬಿಡುಗಡೆ ಬೇಡ, ರಿಪೇರಿ ಕೌಂಟರ್ ಇಡಿ ಅಂತೀಯಾ?" ಎಂದು ಕೇಳುತ್ತಿದ್ದರು. ಬಿಡುಗಡೆಯ ಸಭಾಂಗಣ ಆಗಲೇ ಗೊತ್ತುಮಾಡಿಯಾಗಿತ್ತು. ಯಜಮಾನರು ಹೋದ ಮೇಲೆ ಮೇಡಂ, "ಬಾಯಿ ಬಿಡ್ಬೇಡ ಅಂದಿದ್ದೆ ನಾನು!" ಎಂದು ರೇಗಿದರು. ರೇಡಿಯೊ ತುಟಿ ಮುಟ್ಟಿ ತೋರಿಸಿದಳು, ಬಿಟ್ಟಿಲ್ಲವಲ್ಲ ಎಂದು. ಮೇಡಂ ಸಿಟ್ಟಿನಲ್ಲೇ ನಕ್ಕುಬಿಟ್ಟರು.

ಯಜಮಾನರು ಯೋಚಿಸಿ ಹೇಳುತ್ತೇನೆಂದು ಹೋಗಿದ್ದರು. ಅವರ ಉತ್ತರಕ್ಕೆ ಕಾಯುವಷ್ಟು ತಾಳ್ಮೆ ರೇಡಿಯೊಗೆ ಉಳಿದಿರಲಿಲ್ಲ, ಏಕೆಂದರೆ ಬಾಯಿಗೆ ಬೀಗದ ಎರಡು ವಾರ ಮುಗಿದು ರಿಪೋರ್ಟಿನ ದಿನ ಬಂದೇಬಿಟ್ಟಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ-ಹೆಂಡತಿ ಅಕ್ಕಪಕ್ಕ ಕೂತರು. ಗಂಡ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಒಳಗೆ ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಾ, ಸಿಗದೆ, ನರ್ಸನ್ನು ಕರೆದು, ಅವಳು ಇನ್ಯಾರದೋ ಫೈಲು ತಂದು, ಅಷ್ಟು ಹೊತ್ತಿಗೆ ರೇಡಿಯೊಗೆ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಡಾಕ್ಟರು ತಲೆಯೆತ್ತಿದರು.

"ಏನೂ ಇಲ್ಲಮ್ಮ. ಬರೀ ಗಂಟು. ಮಾತಾಡಿ ಮಾತಾಡಿ ಬಂದ ಗಂಟು, ಅಷ್ಟೇ."

ಗಂಡ, "ಅಷ್ಟೇನಾ?" ಎಂದ.

"ಅಷ್ಟೇ. ಕ್ಯಾನ್ಸರ್ ಅಲ್ಲ, ಆ ಜಾತಿಯದೇ ಅಲ್ಲ. ಎಲ್ಲಿ, ನಿಧಾನಕ್ಕೆ ಒಂದು ಸಲ 'ಆ' ಅನ್ನಿ."

ಅವಳು ಬಾಯಿ ತೆರೆದಳು. ಹೊರಟದ್ದು ತೀರ ಸಣ್ಣ, ಒರಟು ದನಿ, ಆದರೆ ಗಾಳಿಯಲ್ಲ, ದನಿಯೇ. ಅದನ್ನು ಕೇಳಿದ್ದೇ ಅವಳಿಗೆ ಅಳು ಒತ್ತರಿಸಿ ಬಂತು. "ಅಳೋದೂ ಮೆಲ್ಲಗೆ, ಗಂಟಲಿಗೆ ಒಳ್ಳೇದಲ್ಲ," ಎಂದರು ಡಾಕ್ಟರು. ಅವಳು ಅಳುತ್ತಲೇ ನಗತೊಡಗಿದಾಗ, "ನಗೋದೂ ಅಷ್ಟೇ," ಎಂದರು.

ಮೆಟ್ಟಿಲಿಳಿಯುವಾಗ ಮೈಯೆಲ್ಲ ಹಗುರಾಗಿ, ಕಾಲು ನೆಲ ಮುಟ್ಟುತ್ತಿದೆಯೋ ಇಲ್ಲವೋ ಎನ್ನುವಂತಿತ್ತು. ಕೆಳಗೆ ಬಂದು ಮನೆಗೆ ಫೋನು ಮಾಡಿದಳು.

"ಅತ್ತೆ, ಏನೂ ಇಲ್ವಂತೆ."

"ಯಾರು ಮಾತಾಡ್ತಿರೋದು?" ಎಂದರು ಅತ್ತೆ.

"ನಾನೇ ಅತ್ತೆ."

"ನಾನೇ ಅಂದ್ರೆ? ನಮ್ಮನೇಲಿ ಇಷ್ಟು ಮೆಲ್ಲಗೆ ಮಾತಾಡೋರು ಯಾರೂ ಇಲ್ಲಪ್ಪ." ಆಮೇಲೆ ಗುರುತು ಹತ್ತಿತು. "ಏನೂ ಇಲ್ವಂತಾ? ನಿಜವಾಗ್ಲೂ? ಇಬ್ರೂ ಬೇಗ ಬನ್ನಿ ಮನೆಗೆ," ಎಂದು ಮೂಗೊರೆಸಿಕೊಳ್ಳುವುದು ಕೇಳಿಸಿತು.

ಬ್ಯಾಗಿನ ಯಜಮಾನರು ಅಳೆದೂ ಸುರಿದೂ ಒಪ್ಪಿದರು, ಒಂದೇ ಒಂದು ಅಂಗಡಿಯಲ್ಲಿ, ಪರೀಕ್ಷೆಗೆ ಎಂದು. ಕೌಂಟರು ತೆರೆದ ದಿನ ಬಂದವರು ಇಬ್ಬರು. ಅವರಲ್ಲಿ ಒಬ್ಬರು ದಾರಿ ಕೇಳಲು ಬಂದವರು. ಮೇಡಂ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ರೇಡಿಯೊ ಆ ವಾರ ಪತ್ರಿಕೆಗಳಿಗೆ ಹೊಗಳಿಕೆಯ ಪ್ರಕಟಣೆ ಕಳಿಸಲಿಲ್ಲ. ಬದಲಿಗೆ ಒಬ್ಬ ವರದಿಗಾರ್ತಿಯನ್ನು ಕರೆದು, ಕೌಂಟರಿನ ಪಕ್ಕ ಕೂರಿಸಿ, "ಬಂದವರನ್ನ ಸುಮ್ನೆ ಕೇಳಿ," ಎಂದಳು. ಬಂದವರು ಕೆಲವರೇ. ಆದರೆ ಒಬ್ಬೊಬ್ಬರ ಬ್ಯಾಗಿಗೂ ಒಂದೊಂದು ಕಥೆಯಿತ್ತು. ಮೊದಲ ಸಂಬಳದ ಬ್ಯಾಗು, ತೀರಿಹೋದ ತಂಗಿಯ ಬ್ಯಾಗು, ಮೂರು ಮನೆ ಬದಲಿಸಿದರೂ ಬಿಸಾಡಲಾಗದ ಬ್ಯಾಗು. ಆ ವರದಿ ಬಂದ ಮೇಲೆ ಜನ ಅಟ್ಟದ ಮೇಲಿನ ಬ್ಯಾಗುಗಳನ್ನೆಲ್ಲ ಇಳಿಸಿಕೊಂಡು ಬಂದರು. ಸಾಲು ಬಾಗಿಲಾಚೆ ಹೋಯಿತು. ಸರಿಮಾಡಿಸಿಕೊಂಡವರು ಹೋಗುವಾಗ ಇನ್ನೊಂದನ್ನು ಕೊಂಡೂ ಹೋದರು, ಬಕಲಿಲ್ಲದ್ದನ್ನು. ಆ ಸಂಜೆ ಯಜಮಾನರು ಫೋನು ಮಾಡಿ, "ಹೂಂ ಕಣಮ್ಮ, ಹೂಂ," ಎಂದಷ್ಟೇ ಹೇಳಿ ಇಟ್ಟರು. ಮೇಡಂ ಕುರ್ಚಿಗೆ ಒರಗಿ ಅದೆಷ್ಟೋ ತಿಂಗಳ ಉಸಿರನ್ನು ಒಟ್ಟಿಗೆ ಬಿಟ್ಟರು.

ಅದಾದ ಮೇಲೆ ಕಂಪನಿಗಳು ಪ್ರಚಾರಕ್ಕಿಂತ ಮೊದಲು ಅವಳನ್ನು ಕೇಳಲು ಬಂದವು: ಜನಕ್ಕೆ ಮುಂದೇನು ಬೇಕಾಗುತ್ತದೆ? ಕೂಗುವ ಕೆಲಸ ಕಿರಿಯರ ಪಾಲಾಯಿತು. ಅವಳ ಕಾರ್ಡಿನ ಮೇಲೆ ಟ್ರೆಂಡ್ ಫೋರ್‌ಕಾಸ್ಟರ್ ಎಂದು ಅಚ್ಚಾಯಿತು. ಅದನ್ನು ಅತ್ತೆಗೆ ಓದಿ ಹೇಳಿದಳು.

"ಹವಾಮಾನದವರ ಥರ, ಮುಂಚೇನೇ ಹೇಳೋದಾ?"

"ಹೆಚ್ಚು ಕಮ್ಮಿ ಹಾಗೇ, ಅತ್ತೆ."

"ಹಾಗಾದ್ರೆ ತಪ್ಪುತ್ತೆ ಬಿಡು."

ತಪ್ಪಿತು ಕೂಡ. ಪರದೆ ಬಟ್ಟೆಯ ಕಂಪನಿಗೆ, ಮುಂದಿನ ವರ್ಷ ಜನ ದಪ್ಪ, ಗಾಢ ಬಣ್ಣದ ಪರದೆಗೆ ಮರಳುತ್ತಾರೆ ಎಂದಳು. ಜನ ಬೆಳಕು ಬರುವಂಥ ತೆಳುವಾದದ್ದನ್ನೇ ಹುಡುಕಿಕೊಂಡು ಹೋದರು. ಆ ವರ್ಷ ಅವಳು ಅಂಗಡಿಯಲ್ಲಿ ಕೂತು ಜನರನ್ನು ನೋಡಿರಲಿಲ್ಲ. ಪತ್ರಿಕೆ ತಿರುವಿ, ಚಿತ್ರ ನೋಡಿ ಹೇಳಿದ್ದಳು. ಕಂಪನಿಯವರು ಕಿಡಿಕಾರುತ್ತಾ ಬಂದು ಕೂತರು. ಛತ್ರಿಯ ದಿನಗಳ ರೇಡಿಯೊ ಆಗಿದ್ದರೆ ಅವರನ್ನು ಮಾತಿನಲ್ಲೇ ಮುಳುಗಿಸಿ ಕಳಿಸುತ್ತಿದ್ದಳು. ಈಗ, "ನಾನು ಹೇಳಿದ್ದು ತಪ್ಪು. ಸರಿಯಾಗಿ ನೋಡ್ದೆ ಹೇಳ್ಬಿಟ್ಟೆ," ಎಂದಳು. ವಾದಕ್ಕೆ ತಯಾರಾಗಿ ಬಂದವರಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಚಹಾ ತರಿಸಿದಳು. ಕುಡಿದರು. ಹೋಗುವಾಗ, ಉಳಿದ ದಪ್ಪ ಬಟ್ಟೆಯನ್ನು ಸಿನಿಮಾ ಹಾಲಿನವರಿಗೆ ಕೊಡಬಹುದೇನೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ತಪ್ಪು ಒಪ್ಪಿಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದು ಅಷ್ಟು ವಯಸ್ಸಾದ ಮೇಲೆ ಅವಳಿಗೆ ಹೊಸ ಸುದ್ದಿ. ಆ ದಿನ ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದಳು.

ವರ್ಷಕ್ಕೊಮ್ಮೆ ಗಂಟಲು ತೋರಿಸಲು ಹೋಗುವುದು ಮಾತ್ರ ತಪ್ಪಿರಲಿಲ್ಲ. ಪ್ರತಿ ಸಲವೂ ಹಿಂದಿನ ದಿನ ಊಟ ಸೇರುತ್ತಿರಲಿಲ್ಲ. ಮೊನ್ನೆ ಹೋದಾಗ ಡಾಕ್ಟರು ಪರದೆಯ ಮೇಲೆ ಆ ಬಿಳಿ ಪಟ್ಟಿಗಳನ್ನು ಬಹಳ ಹೊತ್ತು ನೋಡಿ, "ಇನ್ನು ನೀವು ಬರೋದು ಬೇಡ," ಎಂದರು.

"ಮುಂದಿನ ವರ್ಷ?"

"ಮುಂದಿನ ವರ್ಷಾನೂ ಬೇಡ. ಪೂರ್ತಿ ಚೆನ್ನಾಗಿದೆ."

ಅವಳು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಒಬ್ಬ ಬಸ್ ಕಂಡಕ್ಟರು, ಸಮವಸ್ತ್ರದಲ್ಲೇ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಬೆವರುತ್ತಾ ಕೂತಿದ್ದ. ಸೀಳಿದ ದನಿಯಲ್ಲಿ, "ನಿಮ್ಗೂ ಗಂಟೇನಾ ಮೇಡಂ? ಆಪರೇಷನ್ ನೋವಾಗುತ್ತಾ?" ಎಂದು ಕೇಳಿದ.

"ಎರಡು ದಿನ ಸ್ವಲ್ಪ," ಎಂದಳು ಅವಳು. "ಆಮೇಲೆ ಮನೆಯವರು ಮಾತಾಡಿದ್ದನ್ನೆಲ್ಲ ಕೇಳಿಸ್ಕೊಂಡು ಕೂರ್ಬೇಕಲ್ಲ, ಕಷ್ಟ ಅದು. ನೀವು ಮಾತಾಡ್ಬೇಡಿ ಈಗ. ಮಫ್ಲರ್ ತೆಗೀರಿ, ಸೆಕೆ."

ಅವನು ಸದ್ದಿಲ್ಲದೆ ನಕ್ಕು ಮಫ್ಲರು ಬಿಚ್ಚಿದ. ಒಳಗಿನಿಂದ ಅವನ ಸರದಿ ಕೂಗಿದರು. ಎದ್ದು ಅಂಗಿ ಸರಿಮಾಡಿಕೊಂಡು ಒಳಗೆ ಹೋದ.